ಘಟ್ಟದ ರಸ್ತೆಗೆ ವೋಲ್ವೋ ಕಾರು ಆಗ್ತದಾ? – ಓದುಗರ ಗಾಡಿ ಪ್ರಶ್ನೆಗಳು

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜುಗಳಲ್ಲಿ ಹೆಚ್ಚಿನವು ವೋಲ್ವೋ ಬಗ್ಗೆ, ಇಲ್ಲಾಂದ್ರೆ ಸೇಫ್ಟಿ ಬಗ್ಗೆ. ಹೋದ ವರ್ಷಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ರಸ್ತೆ ಮೇಲೆ ಏನೇನೆಲ್ಲಾ ಆಯ್ತು ನೋಡಿದವರಿಗೆ ಇದು ಆಶ್ಚರ್ಯ ಅಲ್ಲ. ಸಿರ್ಸಿಯವರ ಪ್ರಶ್ನೆ ಕಳೆದ ಸಂಚಿಕೆಯಲ್ಲಿ ಜಾಗ ಇಲ್ದೆ ಉಳಿದಿತ್ತು, ಅದ್ರಿಂದಲೇ ಶುರು ಮಾಡ್ತೇನೆ.

ಪ್ರಶ್ನೆ: ನಮ್ದು ಅಡಿಕೆ ತೋಟ, ಪೇಟೆಯಿಂದ ಸ್ವಲ್ಪ ಒಳಗೆ. ಹಳೇ ಕಾರು ಕೊಟ್ಟು ಬೇರೆ ತಗೊಳ್ಬೇಕು. ಹೊಸ ಎಸ್‌ಯುವಿಗೆ ಹಾಕೋ ದುಡ್ಡಲ್ಲೇ 2018ರ ಸೆಕೆಂಡ್ ಹ್ಯಾಂಡ್ ವೋಲ್ವೋ ಎಕ್ಸ್‌ಸಿ60 ಡೀಸೆಲ್ ಸಿಗ್ತದೆ, ಅದ್ರಷ್ಟು ಸೇಫ್ ಯಾವ್ದೂ ಇಲ್ಲ ಅಂತ ಬೆಂಗಳೂರಲ್ಲಿರೋ ಮಗನ ಹಠ. ನಮ್ಮ ಓಡಾಟ ದಿನಾ ಪೇಟೆಗೆ, ಆಗಾಗ ಕುಮಟಾ, ಹುಬ್ಬಳ್ಳಿ. ಏನ್ಮಾಡ್ಲಿ? – ಓದುಗರು, ಸಿರ್ಸಿ

ಉತ್ತರ: ಕಾರಿನ ಬಗ್ಗೆ ನಿಮ್ಮ ಮಗ ಹೇಳೋದು ಸರಿ ಸ್ವಾಮಿ. ಈ ಎಕ್ಸ್‌ಸಿ60 ಬಂದಿದ್ದು 2017ರಲ್ಲಿ, ಅದೇ ವರ್ಷ ಯೂರೋ ಎನ್‌ಕ್ಯಾಪ್ (ಕಾರು ಗುದ್ದಿಸಿ ಸೇಫ್ಟಿಗೆ ಅಂಕ ಕೊಡೋ ಯೂರೋಪಿನ ಸಂಸ್ಥೆ) ಟೆಸ್ಟಲ್ಲಿ ದೊಡ್ಡವರ ರಕ್ಷಣೆಗೆ ನೂರಕ್ಕೆ 98 ತಗೊಂಡಿತ್ತು. ಡಿ5 ಡೀಸೆಲ್ ಇಂಜಿನ್ 2 ಲೀಟರಿಂದೇ ಆದ್ರೂ 235 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಪವರ್ ಹೋಗ್ತದೆ, ದೇವಿಮನೆ ಘಟ್ಟದಲ್ಲಿ ಜುಲೈ ತಿಂಗಳ ಮಳೆಯಲ್ಲಿ ತಿರುವು ತಗೊಳ್ಳುವಾಗ ರಸ್ತೆ ಕಚ್ಕೊಂಡೇ ಇರ್ತದೆ, ಸೀಟಂತೂ ಹುಬ್ಬಳ್ಳಿಗೆ ಹೋಗಿ ಬಂದ್ರೂ ಸೊಂಟ ನೋಯದ ಹಾಗೆ ಮಾಡಿಟ್ಟಿದ್ದಾರೆ.

ಆದ್ರೆ ಕಾರು ತಗೊಳ್ಳೋದು ಒಂದಿನದ ಕೆಲ್ಸ, ಇಟ್ಕೊಳ್ಳೋದು ವರ್ಷಗಟ್ಲೆ. ನಮ್ಮ ಜಿಲ್ಲೆಯಲ್ಲಿ ವೋಲ್ವೋ ಸರ್ವಿಸ್ ಸೆಂಟರ್ ಇಲ್ಲ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಆದ್ರೆ ಒಳ್ಳೆ ಮೆಕ್ಯಾನಿಕ್ ಹಾಕ್ಯಾನು, ಡ್ಯಾಶ್‌ಬೋರ್ಡಲ್ಲಿ ಒಂದು ಸೆನ್ಸರ್ ಲೈಟ್ ಹತ್ತಿದ್ರೆ ಮಾತ್ರ ಕಂಪನಿ ಸ್ಕ್ಯಾನರ್ ಇಲ್ದೆ ಯಾರೂ ಹೆಚ್ಚೇನೂ ಮಾಡೋ ಹಾಗಿಲ್ಲ, ಗಾಡಿ ಸೀದಾ ಬೆಂಗಳೂರೋ ಇನ್ಯಾವ ದೊಡ್ಡ ಊರೋ ಸೇರ್ಬೇಕು, ಅದೂ ನಾಲ್ಕು ಚಕ್ರಕ್ಕೂ ಪವರ್ ಇರೋದ್ರಿಂದ ಎರಡು ಚಕ್ರ ಎತ್ತಿ ಎಳೆಯೋ ಹಾಗಿಲ್ಲ, ಪೂರ್ತಿ ಗಾಡೀನ ಲಾರಿ ಮೇಲೆ ಹಾಕ್ಕೊಂಡೇ ಹೋಗ್ಬೇಕು. ಮುಂದಿನ ಗ್ಲಾಸಿಗೆ ಕ್ಯಾಮೆರಾ ಅಂಟಿಕೊಂಡಿದೆ, ಲಾರಿ ಚಕ್ರದಿಂದ ಒಂದು ಕಲ್ಲು ಹಾರಿ ಗ್ಲಾಸ್ ಬಿರುಕು ಬಿಟ್ರೆ ಗ್ಲಾಸ್ ಬದಲಿಸಿದ್ರೆ ಮುಗೀಲಿಲ್ಲ, ಆ ಕ್ಯಾಮೆರಾನ ಮತ್ತೆ ಸರಿಯಾಗಿ ಸೆಟ್ ಮಾಡ್ಬೇಕು, ಇಲ್ಲಾಂದ್ರೆ ಯಾವ ಆಟೋ ಬ್ರೇಕಿಗೋಸ್ಕರ ಕಾರು ತಗೊಂಡ್ರೋ ಅದೇ ಕೆಲ್ಸ ಮಾಡೋದಿಲ್ಲ. 19 ಇಂಚಿನ ಟೈರು ಮೊದ್ಲೇ ಹೇಳಿ ತರಿಸ್ಬೇಕು. ಏರ್ ಸಸ್ಪೆನ್ಶನ್ ಇರೋ ಗಾಡಿಯಾದ್ರೆ ರಾತ್ರಿ ನಿಲ್ಸಿ ಬೆಳಿಗ್ಗೆ ಒಂದು ಮೂಲೆ ತಗ್ಗಿದೆಯಾ ನೋಡಿ, ತಗ್ಗಿದ್ರೆ ಗಾಳಿ ಸೋರ್ತಿದೆ ಅಂತ ಅರ್ಥ, ಎಷ್ಟು ಕಡಿಮೆ ರೇಟಿಗೆ ಕೊಟ್ರೂ ಬೇಡ ಅನ್ನಿ.

ಡೀಸೆಲ್ ವಿಷ್ಯ ಬೇರೇನೇ ಹೇಳ್ಬೇಕು. ವೋಲ್ವೋದವ್ರು ಡೀಸೆಲ್ ಕಾರು ಮಾಡೋದನ್ನ 2024ರ ಶುರುವಿಗೆ ಜಗತ್ತಿನಲ್ಲೇ ನಿಲ್ಸಿಬಿಟ್ರು. ಸ್ಪೇರ್ ಸಿಗ್ತದೆ, ಅದಕ್ಕೆ ಹೆದರ್ಬೇಡಿ. ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಇರೋ ಯಾವ ಡೀಸೆಲ್ ಗಾಡಿಗೂ ತೋಟದಿಂದ ಪೇಟೆಗೆ ಹೋಗಿ ಬರೋ ಸಣ್ಣ ಓಟ ಆಗಿಬರೋದಿಲ್ಲ ಅನ್ನೋದು ಮುಖ್ಯ. ಇಂಜಿನ್ ಬಿಸಿ ಆಗೋದ್ರೊಳಗೆ ಊರು ಬಂದಿರ್ತದೆ, ಮಸಿ ಸುಡೋದಿಲ್ಲ, ಕಟ್ತಾ ಹೋಗ್ತದೆ. ನಿಮ್ಮ ದಿನದ ಓಟ ಅಂಥದ್ದೇ ಅಂತ ಪತ್ರದಲ್ಲೇ ಇದೆ.

ಹಾಗಾಗಿ ನನ್ನ ಮಾತು: ಮನೇಲಿ ಇನ್ನೊಂದು ಗಾಡಿ ಇದ್ದು, ಮಗ ಬೆಂಗಳೂರಲ್ಲಿ ಸರ್ವಿಸ್ ನೋಡ್ಕೊಳ್ತಾನೆ ಅಂದ್ರೆ ತಗೊಳ್ಳಿ, ಕಂಪನಿ ಸರ್ವಿಸ್ ರೆಕಾರ್ಡ್ ಪೂರ್ತಿ ಇರೋದನ್ನೇ ತಗೊಳ್ಳಿ, ಜೀರೋ ಡೆಪ್ ಇನ್ಶೂರೆನ್ಸ್ (ಗಾಡಿ ಹಳೇದು ಅಂತ ಸ್ಪೇರ್ ದುಡ್ಡಲ್ಲಿ ಕಡಿತ ಮಾಡದ್ದು) ಬಿಡ್ಬೇಡಿ. ಇದೊಂದೇ ಗಾಡಿ, ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಹೋಗ್ಬೇಕಾದ್ರೂ ಇದೇ ಅಂತಾದ್ರೆ ಬೇಡ. ಆಗ ನಮ್ಮ ದೇಶದ ಇಂಥದ್ದೇ ಟೆಸ್ಟ್ ಆದ ಭಾರತ್ ಎನ್‌ಕ್ಯಾಪಲ್ಲಿ ಐದು ಸ್ಟಾರ್ ಬಂದ, ಆರು ಏರ್‌ಬ್ಯಾಗು, ಗಾಡಿ ಜಾರದ ಹಾಗೆ ಹಿಡಿಯೋ ಇಎಸ್‌ಸಿ ಇರೋ, ಸಿರ್ಸಿಯಲ್ಲೇ ಸರ್ವಿಸ್ ಸಿಗೋ ಹೊಸ ಕಾರು ತಗೊಳ್ಳಿ. 2018ರ ಕೊನೆಗೆ ಟಾಟಾ ನೆಕ್ಸಾನಿಗೆ ಗ್ಲೋಬಲ್ ಎನ್‌ಕ್ಯಾಪ್ ಐದು ಸ್ಟಾರ್ ಕೊಟ್ಟಾಗ ನಮ್ಮ ದೇಶದ ಕಾರಿಗೆ ಅದೇ ಮೊದ್ಲು, ಈಗ ಪಟ್ಟಿ ಉದ್ದ ಇದೆ. ಗಾಡಿಯ ಬ್ರೇಕು, ಟೈರು, ಬೆಲ್ಟು ಸರಿ ಇರೋದೇ ಘಟ್ಟದಲ್ಲಿ ಮೊದ್ಲ ಸೇಫ್ಟಿ, ಸರ್ವಿಸ್ ದೂರ ಅಂತ ಅದನ್ನ ಮುಂದೂಡಿದ ವೋಲ್ವೋಗಿಂತ ಟೈಮಿಗೆ ಸರಿಯಾಗಿ ನೋಡ್ಕೊಂಡ ನೆಕ್ಸಾನ್ ಮೇಲು.

ಪ್ರಶ್ನೆ: ಸೇಫ್ಟಿ ಅಂದ್ರೆ ವೋಲ್ವೋ ಅಂತಾರೆ. ಬರೀ ಜಾಹೀರಾತಾ, ನಿಜವಾಗ್ಲೂ ಏನಾದ್ರೂ ಮಾಡಿದ್ದಾರಾ? – ನಿವೃತ್ತ ಶಿಕ್ಷಕರು, ಕಾರವಾರ

ಉತ್ತರ: ಮಾಡಿದ್ದಾರೆ ಸಾರ್, ಇದನ್ನ ಬರೆಯೋದಕ್ಕೆ ನನಗೆ ಖುಷಿ. 1927ರ ಏಪ್ರಿಲಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಊರಲ್ಲಿ ಮೊದಲ ಕಾರು ಹೊರಗೆ ಬಂತು. ಶುರು ಮಾಡಿದವ್ರು ಅಸ್ಸಾರ್ ಗೇಬ್ರಿಯೆಲ್ಸನ್, ಗುಸ್ಟಾಫ್ ಲಾರ್ಸನ್ ಅಂತ ಇಬ್ರು, ಹಿಂದೆ ನಿಂತಿದ್ದು ಬೇರಿಂಗ್ ಮಾಡೋ ಎಸ್‌ಕೆಎಫ್ ಕಂಪನಿ. ಹಿಮ, ಕೆಟ್ಟ ರಸ್ತೆ, ಉದ್ದುದ್ದ ಕತ್ತಲೆಯ ದೇಶ ಅದು, ಗಟ್ಟಿ ಗಾಡಿ ಮಾಡ್ದೆ ಬೇರೆ ದಾರಿ ಇರ್ಲಿಲ್ಲ. 1944ರಲ್ಲಿ ತೋರಿಸಿದ ಪಿವಿ444 ಕಾರಿಗೆ ಒಡೆದ್ರೂ ಚೂರು ಮುಖಕ್ಕೆ ಹಾರದ ಲ್ಯಾಮಿನೇಟೆಡ್ ಗ್ಲಾಸ್ ಹಾಕಿದ್ರು.

ದೊಡ್ಡ ಕೆಲ್ಸ ಆಗಿದ್ದು 1959ರಲ್ಲಿ. ನಿಲ್ಸ್ ಬೋಲಿನ್ ಅನ್ನೋ ಇಂಜಿನಿಯರ್, ಅದಕ್ಕೂ ಮುಂಚೆ ಸಾಬ್ ಕಂಪನೀಲಿ ಯುದ್ಧವಿಮಾನದ ಪೈಲಟ್‌ಗಳನ್ನ ಸೀಟು ಸಮೇತ ಹೊರಗೆ ಹಾರಿಸೋ ವ್ಯವಸ್ಥೆ ಮಾಡ್ತಿದ್ದವ್ರು. ಆ ಕಾಲದ ಎಷ್ಟೋ ಬೆಲ್ಟು ಹೊಟ್ಟೆ ಮೇಲೆ ಮಾತ್ರ ಬರ್ತಿತ್ತು, ಜೋರಾಗಿ ಗುದ್ದಿದಾಗ ಬೆಲ್ಟೇ ಕರುಳಿಗೆ ಪೆಟ್ಟು ಮಾಡ್ತಿತ್ತು. ಬೋಲಿನ್ ಏನ್ಮಾಡಿದ್ರು ಅಂದ್ರೆ ಒಂದೇ ಪಟ್ಟಿ ಹೆಗಲಿಂದ ಎದೆ ಮೇಲೆ ಅಡ್ಡ ಬಂದು, ಸೊಂಟದ ಪಕ್ಕ ಕೆಳಗೆ ಲಾಕಾಗಿ, ತೊಡೆಯ ಬುಡದಲ್ಲಿ ಆಚೆ ಬದಿಗೆ ಹೋಗೋ ಹಾಗೆ ಮಾಡಿದ್ರು, ಪೆಟ್ಟಿನ ಭಾರ ಎಲ್ಲಾ ಎದೆಗೂಡು ಮತ್ತು ಸೊಂಟದ ಮೂಳೆ ಮೇಲೆ ಹೋಗ್ತದೆ, ಮೆತ್ತಗಿನ ಹೊಟ್ಟೆ ಮೇಲಲ್ಲ, ಮತ್ತೆ ಒಂದೇ ಕೈಯಲ್ಲಿ ಹಾಕ್ಕೊಳ್ಳೋಕೆ ಬರ್ತದೆ. ಇವತ್ತು ನಿಮ್ಮ ಕಾರಲ್ಲಿರೋದೂ ಅದೇ, ನನ್ನ ಕಾರಲ್ಲಿರೋದೂ ಅದೇ. ಯಾಕಂದ್ರೆ ಪೇಟೆಂಟ್ ಕೈಯಲ್ಲಿದ್ರೂ ವೋಲ್ವೋ ಅದನ್ನ ಬೀಗ ಹಾಕಿ ಇಟ್ಕೊಳ್ಳಲಿಲ್ಲ, ಯಾವ ಕಂಪನಿ ಬೇಕಾದ್ರೂ ಬಳಸಿ ಅಂತ ಬಿಟ್ಟುಕೊಡ್ತು. ಇದ್ರಿಂದ ಹತ್ತು ಲಕ್ಷಕ್ಕೂ ಹೆಚ್ಚು ಜೀವ ಉಳೀತು ಅನ್ನೋದು ಕಂಪನಿಯ ಅಂದಾಜು. ಒಂದು ಕಂಪನಿ ದುಡ್ಡು ಬಿಟ್ಟು ಇಂಥ ಕೆಲ್ಸ ಮಾಡಿದ್ದಕ್ಕೆ ನನಗೆ ಬಹಳ ಗೌರವ ಇದೆ.

ಅಷ್ಟಕ್ಕೇ ನಿಲ್ಲಲಿಲ್ಲ. 1970ರಲ್ಲಿ ಅಪಘಾತ ತನಿಖೆಗೆ ಅಂತ್ಲೇ ಒಂದು ತಂಡ ಕಟ್ಟಿದ್ರು. ಊರ ಸುತ್ತ ಎಲ್ಲಾದ್ರೂ ವೋಲ್ವೋ ಗುದ್ದಿದೆ ಅಂದ್ರೆ ಇವ್ರು ಜಾಗಕ್ಕೇ ಹೋಗಿ ಬ್ರೇಕಿನ ಗುರುತು ಅಳೆದು, ಗಾಡಿ ನೋಡಿ, ಗಾಯ ಏನಾಯ್ತು ಅಂತ ಬರ್ಕೊಳ್ತಾರೆ. ಹೀಗೆ 40 ಸಾವಿರಕ್ಕೂ ಹೆಚ್ಚು ಕಾರು, 70 ಸಾವಿರಕ್ಕೂ ಹೆಚ್ಚು ಪ್ರಯಾಣಿಕರ ಮಾಹಿತಿ ಸೇರಿದೆ. 90ರ ದಶಕದಲ್ಲಿ ಬಂದ ಪಕ್ಕದ ಪೆಟ್ಟಿನ ರಕ್ಷಣೆ, 1994ರ ಸೈಡ್ ಏರ್‌ಬ್ಯಾಗ್, 1998ರಲ್ಲಿ ಹಿಂದಿಂದ ಗುದ್ದಿದಾಗ ಕುತ್ತಿಗೆ ಉಳಿಸೋ ಸೀಟು, 2008ರ ಎಕ್ಸ್‌ಸಿ60ಯಲ್ಲಿ ತಾನೇ ಬ್ರೇಕ್ ಹಾಕೋ ಸಿಟಿ ಸೇಫ್ಟಿ, ಎಲ್ಲದರ ಹಿಂದೆ ಈ ರಸ್ತೆ ಬದಿಯ ಲೆಕ್ಕ ಇದೆ. 2012ರಲ್ಲಿ ಅಮೆರಿಕದ ಐಐಎಚ್‌ಎಸ್ ಸಂಸ್ಥೆ ಒಂದು ಹೊಸ ಟೆಸ್ಟ್ ತಂತು. ಕಾರಿನ ಮುಂಭಾಗದ ಕಾಲು ಭಾಗ ಮಾತ್ರ ತಡೆಗೆ ತಾಗೋ ಹಾಗೆ ಗುದ್ದಿಸೋದು, ಅಂದ್ರೆ ನಮ್ಮ ಘಟ್ಟದ ತಿರುವಲ್ಲಿ ಎದುರು ಬಂದ ಲಾರಿಯ ಮೂಲೆ ತಾಗಿದ ಹಾಗೆ. ಮೊದ್ಲ ಸುತ್ತಿನ 11 ದುಬಾರಿ ಕಾರಲ್ಲಿ ಗುಡ್ ಅಂತ ಪಾಸಾಗಿದ್ದು ಎರಡೇ, ಅದ್ರಲ್ಲಿ ಒಂದು ವೋಲ್ವೋ ಎಸ್60. ಟೆಸ್ಟ್ ಬರೋ ಮುಂಚೆಯೇ ಅಂಥ ಪೆಟ್ಟಿಗೆ ತಯಾರಾಗಿತ್ತು ಆ ಕಾರು. ಜಾಹೀರಾತಾ ನಿಜವಾ ಅನ್ನೋ ನಿಮ್ಮ ಪ್ರಶ್ನೆಗೆ ನನಗೆ ಇದಕ್ಕಿಂತ ಒಳ್ಳೆ ಉತ್ತರ ಕಾಣೋದಿಲ್ಲ.

ಪ್ರಶ್ನೆ: ಬೆಂಗಳೂರಿಗೆ ನಾವು ಹೋಗೋ ವೋಲ್ವೋ ಬಸ್ಸು, ಈ ಕಾರು, ಒಂದೇ ಕಂಪನಿದಾ? – ಹೊನ್ನಾವರ

ಉತ್ತರ: ಮೊದ್ಲು ಒಂದೇ ಇತ್ತು. 1999ರಲ್ಲಿ ಕಾರಿನ ಭಾಗ ಮಾತ್ರ ಫೋರ್ಡಿಗೆ ಮಾರಿದ್ರು, ಬಸ್ಸು ಲಾರಿ ಮಾಡೋ ವೋಲ್ವೋ ಗ್ರೂಪ್ ಸ್ವೀಡನ್ನಿನವ್ರ ಹತ್ರಾನೇ ಉಳೀತು. ಹೆಸರು ಇಬ್ರೂ ಬಳಸ್ತಾರೆ, ಮಾಲೀಕರು ಬೇರೆ. ಬಸ್ಸು ನಮ್ಮ ರಾಜ್ಯಕ್ಕೆ 2001ರ ಹೊತ್ತಿಗೇ ಬಂತು, ಹೊಸಕೋಟೆಯಲ್ಲಿ ಫ್ಯಾಕ್ಟರಿ ಇದೆ, ಕಾರು ಭಾರತಕ್ಕೆ ಬಂದಿದ್ದು 2007ರಲ್ಲಿ, ಇಲ್ಲಿ ಜೋಡಿಸೋಕೆ ಶುರು ಮಾಡಿದ್ದು 2017ರಲ್ಲಿ. ನಮ್ಮ ಕಡೆ ಎಸಿ ಸ್ಲೀಪರ್ ಎಲ್ಲಾ ವೋಲ್ವೋ ಅಂತ್ಲೇ ಕರೀತಾರೆ, ಬುಕ್ ಮಾಡುವಾಗ ಯಾವ ಬಸ್ಸು ಅಂತ ಕೇಳಿ ತಿಳ್ಕೊಳ್ಳಿ. ಹತ್ತಿದ ಮೇಲೆ ಎಮರ್ಜೆನ್ಸಿ ಕಿಟಕಿ ಯಾವ್ದು, ಗ್ಲಾಸ್ ಒಡೆಯೋ ಸುತ್ತಿಗೆ ಅದರ ಜಾಗದಲ್ಲಿ ಇದೆಯಾ ನೋಡ್ಕೊಂಡೇ ಮಲಗಿ.

ಪ್ರಶ್ನೆ: ಮಗನಿಗೆ ಹತ್ತು ತಿಂಗಳು. ಚೈಲ್ಡ್ ಸೀಟ್ ತಗೊಳ್ಳೋಣ ಅಂದ್ರೆ ಮನೇಲಿ ಯಾರೂ ಒಪ್ಪೋದಿಲ್ಲ, ಅತ್ತೆ ತಾವೇ ಮಡಿಲಲ್ಲಿ ಕೂರಿಸ್ಕೊಳ್ತಾರಂತೆ, ಅಷ್ಟು ಸಣ್ಣ ಮಗೂನ ಬೆನ್ನು ತಿರುಗಿಸಿ ಒಂಟಿಯಾಗಿ ಕಟ್ಟಿಹಾಕೋದಾ ಅಂತ ಬೇಜಾರು ಮಾಡ್ಕೊಳ್ತಾರೆ. ಏನಂತ ಹೇಳ್ಲಿ? – ಕುಮಟಾ

ಉತ್ತರ: ಅತ್ತೆಯವ್ರ ಪ್ರೀತಿ ಬಗ್ಗೆ ಮಾತೇ ಇಲ್ಲ, ಆದ್ರೆ ಪ್ರೀತಿಯಲ್ಲಿ ಎಷ್ಟೇ ಬಿಗಿಯಾಗಿ ಹಿಡ್ಕೊಂಡ್ರೂ ಕೈಗೆ ಅಷ್ಟು ಬಲ ಇರೋದಿಲ್ಲ. 50 ಕಿಲೋಮೀಟರ್ ಸ್ಪೀಡಲ್ಲಿ ಕಾರು ಗುದ್ದಿ ನಿಂತ್ರೆ 10 ಕೆಜಿಯ ಮಗೂನ ಹಿಡಿಯೋದಕ್ಕೆ ಇನ್ನೂರು ಮುನ್ನೂರು ಕೆಜಿ ಎತ್ತೋ ಅಷ್ಟು ಬಲ ಬೇಕು, ಅದೂ ಕಣ್ಣು ಮಿಟುಕಿಸೋದ್ರೊಳಗೆ. ಯಾವ ಪೈಲ್ವಾನನ ಕೈಯಲ್ಲೂ ಆಗೋದಿಲ್ಲ. ಹಿಡಿದವ್ರಿಗೆ ಬೆಲ್ಟು ಇಲ್ದಿದ್ರಂತೂ ಅವ್ರ ಮೈಭಾರವೂ ಮಗು ಮೇಲೇ ಬೀಳ್ತದೆ.

ಬೆನ್ನು ತಿರುಗಿಸೋದು ಯಾಕೆ ಅಂತ ಹೇಳ್ತೇನೆ, ಇದನ್ನ ಅವ್ರಿಗೇ ಓದಿ ಹೇಳಿ. ಸಣ್ಣ ಮಗೂಗೆ ಮೈಗೆ ಹೋಲಿಸಿದ್ರೆ ತಲೆ ಬಹಳ ಭಾರ, ಒಟ್ಟು ತೂಕದ ಕಾಲು ಭಾಗದಷ್ಟು, ಕುತ್ತಿಗೆ ಮೂಳೆ ಇನ್ನೂ ಎಳೆಯದು. ಮುಂದಕ್ಕೆ ಮುಖ ಮಾಡಿ ಕೂತಿದ್ದಾಗ ಗಾಡಿ ಗುದ್ದಿದ್ರೆ ಬೆಲ್ಟು ಮೈಯನ್ನ ಹಿಡೀತದೆ, ತಲೆ ಮುಂದೆ ಚಿಮ್ಮಿ ಪೂರಾ ಪೆಟ್ಟು ಕುತ್ತಿಗೆ ಮೇಲೆ. ಹಿಂದಕ್ಕೆ ಮುಖ ಇದ್ರೆ ತಲೆ, ಬೆನ್ನು, ಕುತ್ತಿಗೆ ಎಲ್ಲಾ ಒಟ್ಟಿಗೆ ಸೀಟಿನ ಬೆನ್ನಿಗೆ ಒರಗ್ತದೆ. ಇದನ್ನ ಯೋಚಿಸಿದವ್ರು ಬರ್ಟಿಲ್ ಆಲ್ಡ್‌ಮನ್ ಅನ್ನೋ ಸ್ವೀಡನ್ನಿನ ವೈದ್ಯ ಪ್ರೊಫೆಸರ್. ರಾಕೆಟ್ ಮೇಲೇರುವಾಗ ಅಮೆರಿಕದ ಜೆಮಿನಿ ಗಗನಯಾತ್ರಿಗಳು ಬೆನ್ನು ಒರಗಿಸಿ ಮಲಗಿರ್ತಿದ್ರಲ್ಲ, ಅದನ್ನ ನೋಡಿ ಹೊಳೆದಿದ್ದು. 1964ರಲ್ಲಿ ಅಂಥ ಸೀಟನ್ನ ವೋಲ್ವೋ ಕಾರಲ್ಲಿಟ್ಟು ಪರೀಕ್ಷೆ ಮಾಡಿದ್ರು, 1972ರಲ್ಲಿ ಮಾರಾಟಕ್ಕೆ ಬಂತು, ಸ್ವಲ್ಪ ದೊಡ್ಡ ಮಕ್ಕಳಿಗೆ ಅಂತ 1978ರಲ್ಲಿ ಬೂಸ್ಟರ್ ಕುಶನ್ ಬಂತು. ಸ್ವೀಡನ್ನಲ್ಲಿ ಈಗ್ಲೂ ನಾಲ್ಕು ವರ್ಷದ ತನಕ ಮಕ್ಕಳನ್ನ ಹೀಗೇ ಕೂರಿಸ್ತಾರೆ.

ಇದಕ್ಕೆ ವೋಲ್ವೋ ಕಾರು ಬೇಡ, ನಿಮ್ಮ ಕಾರಿಗೇ ಆಗ್ತದೆ. ಸೇಫ್ಟಿ ಟೆಸ್ಟ್ ಪಾಸಾದ ಗುರುತಾಗಿ ಆರ್44 ಅಥವಾ ಆರ್129 ಅಂತ ಬರೆದ ಕಿತ್ತಳೆ ಲೇಬಲ್ ಇರೋ ಸೀಟೇ ತಗೊಳ್ಳಿ, ಕಾರಲ್ಲಿ ಚೈಲ್ಡ್ ಸೀಟ್ ಸಿಕ್ಕಿಸೋ ಐಸೋಫಿಕ್ಸ್ ಕೊಂಡಿ ಇದ್ರೆ ಅದಕ್ಕೆ ಕೂರೋ ಅಂಥದ್ದು. ಹಿಂದಿನ ಸೀಟಲ್ಲೇ ಹಾಕಿ. ಮುಂದಿನ ಸೀಟಲ್ಲಿ ಏರ್‌ಬ್ಯಾಗ್ ಎದುರು ಹಿಂದಕ್ಕೆ ಮುಖದ ಸೀಟು ಯಾವತ್ತೂ ಇಡ್ಬೇಡಿ, ಬ್ಯಾಗು ಬಿಚ್ಚಿಕೊಂಡ್ರೆ ಸೀಟನ್ನೇ ಬಡೀತದೆ. ಪಕ್ಕದಲ್ಲಿ ಅತ್ತೆಯವ್ರು ಬೆಲ್ಟ್ ಹಾಕ್ಕೊಂಡು ಕೂತ್ಕೊಳ್ಳಲಿ, ಆಗ ಮಗು ಒಂಟಿ ಅಲ್ಲ, ಅಜ್ಜಿ ಮುಖ ನೋಡ್ಕೊಂಡೇ ಹೋಗ್ತದೆ. ಮೊದಲೆರಡು ಸಲ ಅಳ್ತದೆ, ಆಮೇಲೆ ರೂಢಿ ಆಗ್ತದೆ.

ಪ್ರಶ್ನೆ: ಈಗ ವೋಲ್ವೋ ಚೀನಾದವ್ರದ್ದಂತೆ. ಹಳೇ ಗಟ್ಟಿತನ ಹೋಯ್ತಾ? – ಅಂಕೋಲಾ

ಉತ್ತರ: 2010ರಲ್ಲಿ ಚೀನಾದ ಜೀಲಿ ಕಂಪನಿ ಫೋರ್ಡಿಂದ 180 ಕೋಟಿ ಡಾಲರಿಗೆ ಅಂತ ಒಪ್ಪಂದ ಮಾಡ್ಕೊಂಡು ತಗೊಂಡಿತು, ಫೋರ್ಡ್ ಕೊಟ್ಟಿದ್ದು 645 ಕೋಟಿ. ಗಟ್ಟಿತನ ಹೋಗ್ಲಿಲ್ಲ. ಮುಖ್ಯ ಕಚೇರಿ, ಅಪಘಾತ ತಂಡ ಗೋಥೆನ್‌ಬರ್ಗಲ್ಲೇ ಇದೆ, 2014ರ ಎಕ್ಸ್‌ಸಿ90 ಈ ಮಾಲೀಕರ ಕಾಲದ್ದೇ, ಅದರ ಬಾಡಿಯಲ್ಲಿ ಬಹಳ ಗಟ್ಟಿಯಾದ ಬೋರಾನ್ ಸ್ಟೀಲ್ ಮುಂಚಿಗಿಂತ ಹೆಚ್ಚು. 2020ರಲ್ಲಿ ತಮ್ಮ ಎಲ್ಲಾ ಹೊಸ ಕಾರಿಗೂ 180 ಕಿಲೋಮೀಟರಿಗೆ ಸ್ಪೀಡ್ ಮಿತಿ ಹಾಕಿದ್ರು, ದುಬಾರಿ ಕಾರು ಮಾರೋರು ಅದಕ್ಕೆ ಧೈರ್ಯ ಮಾಡೋದು ಕಡಿಮೆ.

ನನಗೆ ಹಿಡಿಸದ್ದು ಬೇರೆ. ಎಸಿ ಹೆಚ್ಚು ಕಡಿಮೆ ಮಾಡೋಕೂ ಟಚ್ ಸ್ಕ್ರೀನ್ ಒತ್ತಬೇಕು, ಇಎಕ್ಸ್30 ಅನ್ನೋ ಎಲೆಕ್ಟ್ರಿಕ್ ಕಾರಲ್ಲಂತೂ ಸ್ಟೀರಿಂಗ್ ಹಿಂದೆ ಮೀಟರೇ ಇಲ್ಲ, ಸ್ಪೀಡ್ ನೋಡೋಕೂ ನಡುವಿನ ಸ್ಕ್ರೀನ್ ಕಡೆ ಕಣ್ಣು ಹಾಯಿಸ್ಬೇಕು. ಅರಬೈಲ್ ಘಟ್ಟದಲ್ಲಿ ಕಣ್ಣು ರಸ್ತೆ ಬಿಟ್ಟು ಎಲ್ಲೂ ಹೋಗ್ಬಾರ್ದು. ಸೇಫ್ಟಿ ಅಂತ ಹೆಸರು ಮಾಡಿದವ್ರು ಇದನ್ನ ಮಾಡ್ಬಾರ್ದಿತ್ತು. ಇನ್ನೊಂದು, ದೊಡ್ಡ ಪ್ರಾಣಿ ಗುರುತಿಸಿ ಬ್ರೇಕ್ ಹಾಕೋ ವ್ಯವಸ್ಥೆ ಇವ್ರ ಕಾರಲ್ಲಿ ಇದೆ, ಅಲ್ಲಿ ಕಡವೆಗಿಂತ ದೊಡ್ಡ ಮೂಸ್ ಅಡ್ಡ ಬರ್ತದೆ ಅಂತ ಮಾಡಿದ್ದು. ಹೈವೇ ಮೇಲೆ ರಾತ್ರಿ ಮಲಗಿರೋ ದನಕ್ಕೆ ಅದನ್ನೇ ನಂಬ್ಕೊಂಡು ಹೋಗ್ಬೇಡಿ, ಜೋರು ಮಳೆಗೆ ಕ್ಯಾಮೆರಾ ಕಾಣಿಸ್ತಿಲ್ಲ ಅಂತ ತಾನೇ ಮೆಸೇಜ್ ಕೊಟ್ಟು ಸುಮ್ನಾಗ್ತದೆ.

ಪ್ರಶ್ನೆ: ಟ್ಯಾಕ್ಸಿ ಓಡಿಸ್ತೇನೆ. ಆರು ಏರ್‌ಬ್ಯಾಗ್ ಇದೆ, ಬೆಲ್ಟಿನ ಬೀಪ್ ಕಿರಿಕಿರಿಗೆ ಕ್ಲಿಪ್ ಸಿಕ್ಕಿಸಿದ್ದೇನೆ. ಏರ್‌ಬ್ಯಾಗ್ ಇದ್ದ ಮೇಲೆ ಬೆಲ್ಟ್ ಬೇಕಾ? – ಭಟ್ಕಳ

ಉತ್ತರ: ಆ ಕ್ಲಿಪ್ ಇವತ್ತೇ ತೆಗೀರಿ ಮಾರಾಯ್ರೆ. ಏರ್‌ಬ್ಯಾಗು ಬೆಲ್ಟಿನ ಬದಲಿಗೆ ಅಲ್ಲ, ಬೆಲ್ಟ್ ಹಾಕಿದವನಿಗೆ ಅಂತ ಮಾಡಿದ್ದು. ಬ್ಯಾಗು ಬಿಚ್ಚಿಕೊಳ್ಳೋಕೆ ಸೆಕೆಂಡಿನ ಇಪ್ಪತ್ತು ಮೂವತ್ತನೇ ಒಂದು ಭಾಗ ಸಾಕು, ಬೆಲ್ಟ್ ಇಲ್ದವನು ಅಷ್ಟರಲ್ಲಿ ಮುಂದೆ ಜಾರಿ ಅದು ಸ್ಫೋಟ ಆಗೋ ಜಾಗಕ್ಕೇ ಮುಖ ಕೊಟ್ಟಿರ್ತಾನೆ. ಗಾಡಿ ಪಲ್ಟಿ ಆದ್ರೆ ಹೊರಗೆ ಎಸೆಯೋದನ್ನ ತಡೆಯೋದು ಬೆಲ್ಟೇ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈ ಕ್ಲಿಪ್ ಮಾರ್ಬಾರ್ದು ಅಂತ ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಟ್ಟು, ಅದನ್ನ ಮಾರೋಕೆ ಇಟ್ಟಿದ್ದ 13 ಸಾವಿರಕ್ಕೂ ಹೆಚ್ಚು ಪುಟ ತೆಗೆಸಿತ್ತು. ಮತ್ತೆ ಒಂದು ಮಾತು, ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟಾದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾದ ಬಾಂಬೋಳಿ ಅಂತ ಆಂಬ್ಯುಲೆನ್ಸಲ್ಲಿ ಗಂಟೆಗಟ್ಲೆ ಓಡ್ಬೇಕು. ದೊಡ್ಡ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೂಗ್ತಾ ಇದ್ದೇವೆ. ಅದು ಬರೋ ತನಕ ಪೆಟ್ಟು ಆಗದ ಹಾಗೆ ನೋಡ್ಕೊಳ್ಳೋದು ಬೇರೆಯವ್ರಿಗಿಂತ ನಮಗೆ ಹೆಚ್ಚು ಮುಖ್ಯ.

ಪ್ರಶ್ನೆ: ನಮ್ಮದು 2011ರ ಕಾರು, ವೋಲ್ವೋ ಎಲ್ಲಾ ನಮ್ಮ ಕೈಲಿ ಆಗೋದಲ್ಲ. ಹಿಂದಿನ ಸೀಟಿನ ಬೆಲ್ಟೇ ಕಾಣೋದಿಲ್ಲ, ಒಂದು ಸಿಕ್ಕಿದ್ದು ಬೂಷ್ಟು ಹಿಡಿದಿದೆ. ಇದನ್ನ ಸರಿ ಮಾಡ್ಬಹುದಾ? – ಸದಾಶಿವಗಡ

ಉತ್ತರ: ಮಾಡ್ಬಹುದು, ಹೆಚ್ಚಿನ ಖರ್ಚೂ ಇಲ್ಲ. ಸೀಟ್ ಕವರ್ ಹಾಕೋರು ಬಕಲನ್ನ ಕವರಿನ ಕೆಳಗೇ ಮುಚ್ಚಿಬಿಡ್ತಾರೆ. ಹಿಂದಿನ ಸೀಟಿನ ಕೂರೋ ಭಾಗ ಎಷ್ಟೋ ಕಾರಲ್ಲಿ ಮೇಲೆತ್ತಿದ್ರೆ ಬಿಚ್ಚಿಕೊಳ್ತದೆ, ಕೆಳಗೆ ಬಕಲ್ ಮಲಗಿರ್ತದೆ, ಎತ್ತಿ ಸೀಟಿನ ಸಂದಿಯಿಂದ ಮೇಲೆ ತನ್ನಿ, ಕವರಿಗೆ ಅಲ್ಲಿ ಸೀಳು ಬಿಡ್ಸಿ ಹೊಲಿಸಿ. ಬೂಷ್ಟು ಹಿಡಿದ ಪಟ್ಟಿಯನ್ನ ಪೂರ್ತಿ ಹೊರಗೆ ಎಳೆದು ಬಟ್ಟೆ ಕ್ಲಿಪ್ ಹಾಕಿ ನಿಲ್ಸಿ, ಮೆತ್ತಗಿನ ಸೋಪು ನೀರಲ್ಲಿ ಒರೆಸಿ ನೆರಳಲ್ಲಿ ಪೂರಾ ಒಣಗಿಸಿ, ಒದ್ದೆ ಇರುವಾಗ ಒಳಗೆ ಬಿಡ್ಬೇಡಿ. ಬ್ಲೀಚಿಂಗ್ ಹಾಕಿದ್ರೆ ನೂಲೇ ಸಡಿಲ ಆಗ್ತದೆ.

ಆಮೇಲೆ ಪಟ್ಟಿಯನ್ನ ಜೋರಾಗಿ ಜಗ್ಗಿ, ಟಕ್ ಅಂತ ಲಾಕಾಗ್ಬೇಕು, ಬಿಟ್ರೆ ತಾನಾಗಿ ಒಳಗೆ ಹೋಗ್ಬೇಕು. ಅಂಚು ಹರಿದಿದ್ರೆ, ಲಾಕ್ ಆಗ್ದಿದ್ರೆ, ಮುಂಚೆ ದೊಡ್ಡ ಆಕ್ಸಿಡೆಂಟ್ ಆದ ಗಾಡಿ ಆಗಿದ್ರೆ ಬೆಲ್ಟ್ ಹೊಸದೇ ಹಾಕಿಸಿ, ಕಂಪನಿ ಅಸಲಿದೇ, ಬಜಾರದ್ದು ಬೇಡ. ನಿಮ್ದು ಸಮುದ್ರದ ಪಕ್ಕ, ಸೀಟಿನ ಕೆಳಗೆ ಬೆಲ್ಟಿನ ಬೋಲ್ಟು ತುಕ್ಕು ಹಿಡಿದಿದೆಯಾ ಅಂತ ಮಳೆಗಾಲ ಮುಗಿದ ಮೇಲೆ ಒಮ್ಮೆ ಮೆಕ್ಯಾನಿಕ್ ಹತ್ರ ನೋಡಿಸಿ, ಮ್ಯಾಟ್ ಎತ್ತಿ ನೆಲವನ್ನೂ ನೋಡಿಸಿ. ಹಿಂದೆ ಕೂತವ್ರೂ ಬೆಲ್ಟ್ ಹಾಕ್ಬೇಕು ಅನ್ನೋದು ಕಾನೂನೇ, ಹಾಕ್ದಿದ್ರೆ 1000 ರೂಪಾಯಿ ದಂಡ. ಸೀರೆ ಉಟ್ಟವ್ರು ಕುತ್ತಿಗೆಗೆ ಉಜ್ಜುತ್ತೆ ಅಂತ ಪಟ್ಟಿಯನ್ನ ಕಂಕುಳ ಕೆಳಗೆ ಹಾಕ್ಕೊಳ್ತಾರೆ, ಹಾಗೆ ಮಾಡಿದ್ರೆ ಪಕ್ಕೆಲುಬು ಮುರೀತದೆ, ಹೆಗಲ ಮೇಲೇ ಬರ್ಲಿ. ಗರ್ಭಿಣಿಯರು ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ತೊಡೆಯ ಬುಡಕ್ಕೆ, ಮೇಲಿನದು ಹೊಟ್ಟೆಯ ಪಕ್ಕದಿಂದ ಎದೆ ನಡುವೆ ಬರೋ ಹಾಗೆ ಹಾಕ್ಕೊಳ್ಳಬೇಕು. ನಡುವಿನ ಸೀಟಲ್ಲಿ ನಿಮ್ಮ ಕಾರಿಗೆ ಸೊಂಟದ ಪಟ್ಟಿ ಮಾತ್ರ ಇದ್ರೆ ಅದನ್ನಾದ್ರೂ ಬಿಗಿಯಾಗಿ ಹಾಕಿ, ನಾಲ್ಕೇ ಜನ ಇದ್ದಾಗ ಆ ಜಾಗ ಖಾಲಿ ಬಿಡಿ.